ಡೊಮೇನ್ ಹೆಸರಿನ ಚಾವಡಿಯಲ್ಲಿ ಸಾಮಾನ್ಯ ಬಳಕೆದಾರರ ಪರ ಮಾತಾಡುವುದು ಹೇಗೆ: ಶಿರಸಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಶಿರಸಿ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಪ್ರಿಂಟು, ಆನ್‌ಲೈನ್ ಅರ್ಜಿ, ಪಹಣಿ ತೆಗೆದುಕೊಡುವುದು, ಇಷ್ಟೇ ಕಸುಬು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹತ್ತಿರದ ಹಳ್ಳಿಯ ಸ್ವಸಹಾಯ ಸಂಘದ ಅಕ್ಕ ಒಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಹಿಡಿದು ಬಂದರು. ಮಾರಲಿಕ್ಕಲ್ಲ. ಲೇಬಲ್ ಮೇಲೆ ಅಚ್ಚಾಗಿದ್ದ ವೆಬ್‌ಸೈಟ್ ವಿಳಾಸ ತೋರಿಸಲಿಕ್ಕೆ.

"ತಮಾ, ನಂಗಳ ಹೆಸ್ರಲ್ಲಿ ಎಂತದೋ ಜೂಜಿನ ಪುಟ ಬತ್ತಲ ಮಾರಾಯಾ!"

ಟೈಪ್ ಮಾಡಿ ನೋಡಿದೆ. ಹೌದು, ಉಪ್ಪಿನಕಾಯಿ, ಹಲಸಿನ ಹಪ್ಪಳದ ಫೋಟೋ ಇರಬೇಕಾದ ಜಾಗದಲ್ಲಿ ಇಸ್ಪೀಟಿನ ಎಲೆ ಕುಣಿಯುತ್ತಿತ್ತು. ಆದದ್ದು ಇಷ್ಟೇ. ಸೈಟು ಮಾಡಿಕೊಟ್ಟವನು ಡೊಮೇನನ್ನು, ಅಂದರೆ ಆ ವೆಬ್‌ಸೈಟ್ ವಿಳಾಸದ ಹೆಸರನ್ನು, ತನ್ನ ಹೆಸರಲ್ಲಿ, ತನ್ನ ಇಮೇಲ್‌ನಲ್ಲಿ ನೋಂದಾಯಿಸಿದ್ದ. ನವೀಕರಣದ ನೆನಪೋಲೆಗಳೆಲ್ಲ ಅವನಿಗೇ ಹೋದವು. ಅವನು ಆ ಕೆಲಸ ಬಿಟ್ಟು ಯಾವ ಕಾಲವೋ ಆಗಿತ್ತು. ಅವಧಿ ಮುಗಿಯಿತು, ಹೆಸರು ಬಿತ್ತು, ಯಾರೋ ಎತ್ತಿಕೊಂಡರು. ಸಂಘದವರು ಎರಡು ಸಾವಿರ ಲೇಬಲ್ ಮೊದಲೇ ಅಚ್ಚು ಹಾಕಿಸಿದ್ದರು. ಒಂದು ವಾರ ಜಗಲಿಯಲ್ಲಿ ಕೂತು ಒಂದೊಂದೇ ಲೇಬಲ್ ಮೇಲೆ ಕಪ್ಪು ಮಾರ್ಕರ್‌ನಿಂದ ವಿಳಾಸ ಅಳಿಸಿದರು. ಮಾರ್ಕರ್ ವಾಸನೆಗೆ ತಲೆನೋವು ಬಂತೆಂದು ಬೈಸಿಕೊಂಡವನು ಮಾತ್ರ ನಾನು!

ಇದನ್ನು ಯಾರ ಹತ್ತಿರ ಕೇಳಬೇಕು ಅಂತ ಹುಡುಕುತ್ತಾ ಹೋದಾಗ ನನಗೆ ಐಕ್ಯಾನ್ ಸಿಕ್ಕಿತು. ಅದರೊಳಗೆ ನಮ್ಮಂಥವರಿಗೇ ಅಂತ ಒಂದು ಜಾಗ ಇದೆ ಅನ್ನುವುದೂ ಗೊತ್ತಾಯಿತು. ಅಲ್ಲಿ ಕೂರುವುದು ಹೇಗೆ, ಕೂತ ಮೇಲೆ ಏನು ಮಾಡಬೇಕು ಅನ್ನುವುದನ್ನು ಎಡವಿ ಎಡವಿ ಕಲಿತದ್ದು ಇಲ್ಲಿದೆ.

ಮೊದಲು ಮನೆಯ ನಕ್ಷೆ

ಐಕ್ಯಾನ್ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ. ಲಾಭಕ್ಕೆ ನಡೆಯುವುದಲ್ಲ. ಡಾಟ್ ಕಾಮ್, ಡಾಟ್ ಆರ್ಗ್ ಥರದ ಹೆಸರುಗಳನ್ನು ಯಾರು ನಡೆಸಬೇಕು, ಮಾರುವವರು ಯಾವ ನಿಯಮ ಪಾಲಿಸಬೇಕು, ಹೊಸ ಬಾಲದ, ಅಂದರೆ ಕೊನೆಯ ಚುಕ್ಕೆಯ ಆಚೆ ಹೊಸ ಪದವಿರುವ, ಹೆಸರುಗಳು ಬರಬೇಕೋ ಬೇಡವೋ ಅನ್ನುವುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. 2016ರ ಅಕ್ಟೋಬರ್ 1ರವರೆಗೆ ಅದರ ಒಂದು ಮುಖ್ಯ ಕೆಲಸದ ಮೇಲೆ ಅಮೆರಿಕ ಸರ್ಕಾರದ ಕಣ್ಣಿತ್ತು. ಆಮೇಲೆ ಆ ಉಸ್ತುವಾರಿ ಐಕ್ಯಾನ್‌ನ ಸಮುದಾಯದ ಕೈಗೆ ಬಂತು.

ಈ ಸಮುದಾಯ ಅಂದರೆ ಬೇರೆ ಬೇರೆ ಗುಂಪುಗಳು. ಹೆಸರು ಮಾರುವ ಕಂಪನಿಗಳು, ಟ್ರೇಡ್‌ಮಾರ್ಕ್ ವಕೀಲರು, ಸರ್ಕಾರಗಳು, ತಾಂತ್ರಿಕ ಜನ, ಆಯಾ ದೇಶದ ಹೆಸರು ನೋಡಿಕೊಳ್ಳುವವರು. ಎಲ್ಲರೂ ತಮ್ಮ ಕಡೆಗೆ ಎಳೆಯುವವರೇ, ಅದು ತಪ್ಪೂ ಅಲ್ಲ. ಬಳಕೆದಾರರ ಪರ ಎಳೆಯಲಿಕ್ಕೆ ಇರುವ ಗುಂಪು ಆಟ್-ಲಾರ್ಜ್.

2000ರಲ್ಲಿ ಐಕ್ಯಾನ್ ಒಂದು ಸಾಹಸ ಮಾಡಿತ್ತು. ಜಗತ್ತಿನ ಬಳಕೆದಾರರಿಂದ ಆನ್‌ಲೈನ್ ಮತ ಹಾಕಿಸಿ ಐದು ಜನರನ್ನು ನೇರವಾಗಿ ನಿರ್ದೇಶಕ ಮಂಡಳಿಗೆ ಆರಿಸಿತು. ಆ ಪದ್ಧತಿ ಮುಂದುವರಿಯಲಿಲ್ಲ. 2002ರ ಸುಧಾರಣೆಯಲ್ಲಿ ಅದರ ಬದಲು ಒಂದು ಸಲಹಾ ಸಮಿತಿ ಬಂತು. ಅದೇ ಅಲಾಕ್. ಅದರಲ್ಲಿ 15 ಜನ. ಐದು ಪ್ರದೇಶಗಳ ಬಳಕೆದಾರರ ಒಕ್ಕೂಟಗಳಿಂದ ತಲಾ ಇಬ್ಬರು, ಉಳಿದ ಐವರನ್ನು ನಾಮನಿರ್ದೇಶನ ಸಮಿತಿ ಆರಿಸುತ್ತದೆ. ನಮ್ಮ ಏಷ್ಯಾ-ಪೆಸಿಫಿಕ್ ಒಕ್ಕೂಟದ ಹೆಸರು ಏಪ್ರಾಲೊ. ಅದರ ಕೆಳಗೆ ಊರೂರಿನ ಸಂಘಗಳು, ಬಿಡಿ ಸದಸ್ಯರು.

ಅಲಾಕ್ ಕೊಡುವುದು ಸಲಹೆ. ಆಜ್ಞೆ ಅಲ್ಲ. ಹಾಗಂತ ಸುಮ್ನೆ ಕಾಗದ ಅಂತಲೂ ತಿಳಿಯಬೇಡಿ. ಮಂಡಳಿಯ ಮತದ ಹಕ್ಕಿರುವ 16 ಕುರ್ಚಿಗಳಲ್ಲಿ ಒಂದನ್ನು ಆಟ್-ಲಾರ್ಜ್ ತುಂಬುತ್ತದೆ. ಬಜೆಟ್ ತಿರಸ್ಕರಿಸುವ, ನಿರ್ದೇಶಕರನ್ನು ಕೆಳಗಿಳಿಸುವ ಅಧಿಕಾರ ಐದು ಗುಂಪುಗಳು ಸೇರಿದ ಒಂದು ಕೂಟಕ್ಕೆ ಇದೆ. ಆ ಐದರಲ್ಲಿ ಅಲಾಕ್ ಒಂದು.

ಹೆಜ್ಜೆ 1: ಯಾರ ಪರ ಅನ್ನುವುದು ಖಚಿತ ಮಾಡಿಕೊಳ್ಳಿ

ಇಲ್ಲಿ ನಾನೇ ಮೊದಲು ಎಡವಿದ್ದು. ಉಪ್ಪಿನಕಾಯಿ ಸಂಘದವರ ಕಥೆ ಹಿಡಿದು ಹೋದೆ. ಆದರೆ ಅವರು ಡೊಮೇನ್ ಕೊಂಡವರು, ಅಥವಾ ಕೊಂಡಿದ್ದೇವೆ ಅಂದುಕೊಂಡವರು. ಆಟ್-ಲಾರ್ಜ್ ಮಾತಾಡುವುದು ಮುಖ್ಯವಾಗಿ ಜನ್ಮದಲ್ಲಿ ಒಂದೂ ಡೊಮೇನ್ ಕೊಳ್ಳದವರ ಪರ. ಲಿಂಕ್ ಒತ್ತುವವರು, ಇಮೇಲ್ ಓದುವವರು, ಅರ್ಜಿ ತುಂಬುವವರು.

ಕುಮಟಾದಲ್ಲಿ ನನ್ನ ಸೋದರಮಾವ ಇದ್ದಾರೆ. "ಕರೆಂಟ್ ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಕನೆಕ್ಷನ್ ಕಟ್" ಅಂತ ಅವರಿಗೆ ಮೆಸೇಜ್ ಬಂತು. ಕೆಳಗೊಂದು ಲಿಂಕ್. ವಿಳಾಸದಲ್ಲಿ ಅಸಲಿ ಕಂಪನಿಯ ಹೆಸರೇ ಇತ್ತು, ನಡುವೆ ಒಂದು ಅಡ್ಡಗೆರೆ, ಕೊನೆಗೆ ಬೇರೆ ಯಾವುದೋ ಬಾಲ. ಮಾವ ಒತ್ತಿದರು. ನಾಲ್ಕು ಸಾವಿರ ಹೋಯಿತು. ಡೊಮೇನ್ ಹೆಸರು ಮಾರುವ ಕಂಪನಿಗೆ ರಿಜಿಸ್ಟ್ರಾರ್ ಅನ್ನುತ್ತಾರೆ. ಮಾವನಿಗೆ ರಿಜಿಸ್ಟ್ರಾರ್ ಅಂದರೆ ಇವತ್ತಿಗೂ ಜಾಗ ನೋಂದಣಿ ಮಾಡುವ ಸಬ್ ರಿಜಿಸ್ಟ್ರಾರ್ ಆಫೀಸೇ. ಆದರೆ ಆ ನಕಲಿ ಹೆಸರನ್ನು ಎಷ್ಟು ಸುಲಭಕ್ಕೆ ಮಾರಿದರು, ದೂರು ಬಂದ ಮೇಲೆ ಎಷ್ಟು ಬೇಗ ತೆಗೆದರು ಅನ್ನುವುದೆಲ್ಲ ಡೊಮೇನ್ ನಿಯಮದ ಮಾತು. ಆ ನಿಯಮ ಬರೆಯುವ ಜಾಗದಲ್ಲಿ ಮಾವ ಇರುವುದಿಲ್ಲ. ನೀವು ಕೂರಬೇಕಾದ ಜಾಗ ಅದು.

ಎಷ್ಟೋ ಸಲ ಕೊಂಡವರ ಹಿತ, ಬಳಸುವವರ ಹಿತ ಎರಡೂ ಒಂದೇ ಆಗಿರುತ್ತದೆ. ಕೆಲವು ಸಲ ಎದುರುಬದುರು ಆಗುತ್ತದೆ. ಮಾಲೀಕರ ವಿವರ ಪೂರ್ತಿ ಮುಚ್ಚಿಡಬೇಕು ಅಂತ ಕೊಂಡವರು ಕೇಳುತ್ತಾರೆ. ಮೋಸ ಹೋದವರು ತೆರೆಯಿರಿ ಅನ್ನುತ್ತಾರೆ. ಆಗ ನೀವು ಯಾರ ಪರ? ಮೊದಲೇ ಯೋಚಿಸಿ ಇಟ್ಟುಕೊಳ್ಳಿ, ಸಭೆಯಲ್ಲಿ ತಡವರಿಸುವುದು ತಪ್ಪುತ್ತದೆ. ಡೊಮೇನ್ ಇಟ್ಟುಕೊಂಡಿರುವ ಲಾಭೋದ್ದೇಶವಿಲ್ಲದ ಸಂಘಗಳಿಗೆ ಐಕ್ಯಾನ್‌ನಲ್ಲಿ ಬೇರೆಯೇ ಒಂದು ಗುಂಪಿದೆ. ನಿಮ್ಮ ಮನಸ್ಸು ಅತ್ತ ಎಳೆದರೆ ಅಲ್ಲಿಗೆ ಹೋಗಿ, ಅದರಲ್ಲಿ ಏನೂ ತಪ್ಪಿಲ್ಲ.

ಹೆಜ್ಜೆ 2: ದೂರುಗಳನ್ನು ಜಾಲಿಸಿ

ಊರಲ್ಲಿ ನೀವು "ಇಂಟರ್ನೆಟ್ ಸಮಸ್ಯೆ ಹೇಳಿ" ಅಂದರೆ ಮೊದಲ ಉತ್ತರ ಟವರ್ ಇಲ್ಲ ಅನ್ನುವುದು. ಎರಡನೆಯದೂ ಅದೇ. ಮಳೆಗಾಲದಲ್ಲಿ ಘಟ್ಟದ ಕೆಳಗೆ ಮರ ಬಿದ್ದು ಕರೆಂಟು ಹೋದರೆ ಟವರ್ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಸಂಕಟ ನಿಜ. ಆದರೆ ಅದಕ್ಕೂ ಐಕ್ಯಾನ್‌ಗೂ ಸಂಬಂಧವಿಲ್ಲ. ಯೂಟ್ಯೂಬ್‌ನಲ್ಲಿ ಕೆಟ್ಟ ವಿಡಿಯೋ ಬಂತು ಅನ್ನುವುದೂ ಅದರ ಕೆಲಸ ಅಲ್ಲ.

ನಾನು ಜಾಲಿಸುವ ಕ್ರಮ ಹೀಗಿದೆ.

ಹಣ ಹೋಗಿದ್ದರೆ ಮೊದಲು 1930ಕ್ಕೆ ಫೋನ್. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇರೆ ಮಾತೆಲ್ಲ ಆಮೇಲೆ. ತಡ ಆದಷ್ಟೂ ದುಡ್ಡು ಕೈಯಿಂದ ಕೈಗೆ ದಾಟುತ್ತದೆ.

ಹೆಸರಿನ ಬಾಲ ಡಾಟ್ ಇನ್ ಅಥವಾ ಡಾಟ್ ಭಾರತ ಆಗಿದ್ದರೆ ಅದರ ನಿಯಮ ಮಾಡುವುದು ನಮ್ಮ ದೇಶದ ನಿಕ್ಸಿ, ಐಕ್ಯಾನ್ ಅಲ್ಲ. 2003ರಲ್ಲಿ ಶುರುವಾದ ಸಂಸ್ಥೆ ಅದು. 2005ರಿಂದ ಡಾಟ್ ಇನ್ ಹೆಸರು ಎಲ್ಲರಿಗೂ ಸಲೀಸಾಗಿ ಸಿಗತೊಡಗಿತು. ಡಾಟ್ ಇನ್ ಹೆಸರಿನ ಮೇಲಿನ ತಕರಾರಿಗೆ ನಿಕ್ಸಿಯದೇ ಆದ ಮಧ್ಯಸ್ಥಿಕೆಯ ದಾರಿ ಇದೆ. ದೇಶದ ಮಟ್ಟದಲ್ಲಿ ಎಂಥ ಬದಲಾವಣೆ ಸಾಧ್ಯ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಬ್ಯಾಂಕ್ ಡಾಟ್ ಇನ್. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಆ ಬಾಲಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಈಗ ಮಾವನಿಗೆ ಒಂದೇ ಮಾತು ಹೇಳಿಕೊಟ್ಟರೆ ಸಾಕು: "ಬ್ಯಾಂಕಿನದ್ದಾದರೆ ಕೊನೆ ನೋಡಿ, ಬ್ಯಾಂಕ್ ಡಾಟ್ ಇನ್ ಇಲ್ಲದಿದ್ದರೆ ಒತ್ತಬೇಡಿ."

ಡಾಟ್ ಕಾಮ್, ಡಾಟ್ ನೆಟ್, ಡಾಟ್ ಶಾಪ್ ಥರದ ಬಾಲವಾದರೆ ಐಕ್ಯಾನ್ ನಿಯಮ ಅನ್ವಯಿಸುತ್ತದೆ. ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ ನೋಡಿ. ಮಾಲೀಕರ ವಿವರ ಹೆಚ್ಚಾಗಿ ಮುಚ್ಚಿರುತ್ತದೆ, ಆದರೆ ಯಾವ ರಿಜಿಸ್ಟ್ರಾರ್ ಮಾರಿದ್ದು, ಯಾವ ದಿನ ನೋಂದಣಿ ಆಯಿತು, ದುರುಪಯೋಗದ ದೂರು ಎಲ್ಲಿಗೆ ಕಳಿಸಬೇಕು ಅನ್ನುವುದು ಕಾಣುತ್ತದೆ. ಮಾವನಿಗೆ ಬಂದ ಲಿಂಕಿನ ಹೆಸರು ನೋಂದಣಿಯಾಗಿ ಬರೀ ಎರಡು ದಿನ ಆಗಿತ್ತು. ಆ ಒಂದು ಸಾಲು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

2024ರ ಏಪ್ರಿಲ್ 5ರಿಂದ ಐಕ್ಯಾನ್‌ನ ಒಪ್ಪಂದದಲ್ಲಿ ಹೊಸ ಷರತ್ತು ಜಾರಿಗೆ ಬಂದಿದೆ. ಫಿಶಿಂಗ್ (ನಕಲಿ ಪುಟ ತೋರಿಸಿ ಗುಟ್ಟು ಕದಿಯುವುದು), ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ) ಥರದ ದುರುಪಯೋಗಕ್ಕೆ ಕೆಲಸಕ್ಕೆ ಬರುವ ಸಾಕ್ಷಿ ಸಿಕ್ಕಿದರೆ ರಿಜಿಸ್ಟ್ರಾರ್ ಅದನ್ನು ನಿಲ್ಲಿಸಲು ಕ್ರಮ ತೆಗೆದುಕೊಳ್ಳಲೇಬೇಕು. ಮೊದಲು ದೂರನ್ನು ಪರಿಶೀಲಿಸಿ ತಕ್ಕ ಉತ್ತರ ಕೊಟ್ಟರೆ ಸಾಕಿತ್ತು. ಹಾಗಾಗಿ ದೂರಿನಲ್ಲಿ ಪೂರ್ತಿ ವಿಳಾಸ, ಸ್ಕ್ರೀನ್‌ಶಾಟ್, ದಿನ, ಗಂಟೆ, ಮೆಸೇಜಿನ ಪೂರ್ತಿ ಪಠ್ಯ ಇರಲಿ. ಎಲ್ಲಿಗೆ ಕಳಿಸುವುದು ಗೊತ್ತಾಗದಿದ್ದರೆ ನೆಟ್‌ಬೀಕನ್ ಅನ್ನುವ ಪುಕ್ಕಟೆ ಸೇವೆ ಸರಿಯಾದ ಜಾಗಕ್ಕೆ ತಲುಪಿಸುತ್ತದೆ. ರಿಜಿಸ್ಟ್ರಾರ್ ಉಸಿರೆತ್ತದಿದ್ದರೆ ಐಕ್ಯಾನ್‌ನ ಒಪ್ಪಂದ ಪಾಲನೆ ವಿಭಾಗಕ್ಕೆ ಫಾರ್ಮ್ ತುಂಬಿ. ಆ ಫಾರ್ಮಿನ ಪ್ರತಿ ಇಟ್ಟುಕೊಳ್ಳಿ. ಮುಂದೆ ಸಭೆಯಲ್ಲಿ "ನಾವು ದೂರು ಕೊಟ್ಟೆವು, ಇಷ್ಟು ದಿನ ಆಯಿತು" ಅಂತ ಹೇಳುವಾಗ ಅದಕ್ಕಿಂತ ಗಟ್ಟಿ ಮಾತು ಬೇರೆ ಇಲ್ಲ.

ಉಪ್ಪಿನಕಾಯಿ ಸಂಘದ ಹೆಸರು? ಅದು ವಾಪಸ್ ಬರಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಐಕ್ಯಾನ್ ಆ ಜಗಳಕ್ಕೆ ಬರುವುದಿಲ್ಲ. ಡಾಟ್ ಕಾಮ್ ಹೆಸರು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಆದರೆ ಆ ಅವಕಾಶವೂ ದಾಖಲೆಯಲ್ಲಿ ಇದ್ದವನಿಗೇ. ಅದೂ ನಮಗೆ ಗೊತ್ತಾಗುವಷ್ಟರಲ್ಲಿ ದಾಟಿತ್ತು.

ಹೆಜ್ಜೆ 3: ಒಂದು ಪುಸ್ತಕ ಇಡಿ

ನನ್ನದು ಅಡಿಕೆ ಲೆಕ್ಕದ ಉದ್ದನೆಯ ಕೆಂಪು ಪುಸ್ತಕ. ದಿನಾಂಕ, ಬಂದವರ ಕಸುಬು, ಏನಾಯಿತು, ಯಾವ ವಿಳಾಸ, ಯಾರಿಗೆ ದೂರು ಹೋಯಿತು, ಏನು ಉತ್ತರ ಬಂತು. ಹೆಸರು, ಫೋನ್ ನಂಬರ್ ಬರೆಯುವುದಿಲ್ಲ. ಬರೆದರೆ ಜನ ಎರಡನೇ ಸಲ ಬಾಯಿ ಬಿಡುವುದಿಲ್ಲ, ಮೋಸ ಹೋಗಿದ್ದು ಎಲ್ಲರಿಗೂ ನಾಚಿಕೆಯೇ.

ಕೇಳುವ ಹೊತ್ತು ಗೊತ್ತಿರಬೇಕು. ಕೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಬೆಳೆಗಾರರ ಹತ್ತಿರ ಹೋದರೆ ಚಹಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಕೊನೆಗೌಡ ಮರದ ಮೇಲಿರುವಾಗ ಯಜಮಾನರ ಕಣ್ಣೂ ಮೇಲೇ ಇರುತ್ತದೆ. ಮೀನುಗಾರರಾದರೆ ಜೂನ್ 1ರಿಂದ ಜುಲೈ 31. ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ, ಜನ ಬಲೆ ಹೆಣೆಯುತ್ತಾ ದಡದಲ್ಲೇ ಇರುತ್ತಾರೆ. ಕಾರವಾರದ ಬೈತಖೋಲದಲ್ಲಿ ನನಗೆ ಹೆಚ್ಚು ವಿಷಯ ಸಿಕ್ಕಿದ್ದು ಆ ಎರಡು ತಿಂಗಳಲ್ಲೇ. ಕೊಂಕಣಿ ಬರುವ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಗೋಕರ್ಣದ ಹೋಂಸ್ಟೇಯವರದು ಬೇರೆಯೇ ಗೋಳು. ಅವರ ಮನೆಯ ಫೋಟೋ ಹಾಕಿ, ಹತ್ತಿರದ ಹೆಸರಿನ ಸೈಟು ಮಾಡಿ ಮುಂಗಡ ಹಣ ಹೊಡೆಯುತ್ತಾರೆ. ಪ್ರವಾಸಿಗಳು ಬ್ಯಾಗ್ ಹೊತ್ತು ಬಂದು ಅಂಗಳದಲ್ಲಿ ನಿಂತಾಗಲೇ ಇವರಿಗೆ ಗೊತ್ತಾಗುವುದು.

"ಡೊಮೇನ್ ಸಮಸ್ಯೆ ಇದೆಯಾ?" ಅಂತ ಕೇಳಬೇಡಿ. "ಮೊಬೈಲಿಗೆ ಬಂದ ಯಾವುದಾದ್ರೂ ಲಿಂಕ್ ನೋಡಿ ಇದು ಅಸಲಿಯೋ ನಕಲಿಯೋ ಅಂತ ಗೊಂದಲ ಆಗಿತ್ತಾ?" ಅಂತ ಕೇಳಿ. ಫೋನು ತಾನಾಗೇ ಕಿಸೆಯಿಂದ ಹೊರಗೆ ಬರುತ್ತದೆ.

ಹೆಜ್ಜೆ 4: ಸದಸ್ಯರಾಗಿ

ದಾರಿ ಎರಡು. ಒಬ್ಬರೇ ಆದರೆ ಏಪ್ರಾಲೊದ ಬಿಡಿ ಸದಸ್ಯರಾಗಬಹುದು. ಆನ್‌ಲೈನ್ ಅರ್ಜಿ, ಶುಲ್ಕ ಇಲ್ಲ. ಮೊದಲು ಇದನ್ನೇ ಮಾಡಿ.

ಸಂಘವಾಗಿ ಹೋಗುವುದಾದರೆ ಅದಕ್ಕೆ ಆಟ್-ಲಾರ್ಜ್ ಸ್ಟ್ರಕ್ಚರ್, ಚುಟುಕಾಗಿ ಎಎಲ್‌ಎಸ್, ಅನ್ನುತ್ತಾರೆ. ಜಗತ್ತಿನಾದ್ಯಂತ ಇಂಥವು ಇನ್ನೂರಕ್ಕೂ ಜಾಸ್ತಿ ಇವೆ. ಸಂಘ ಮುಖ್ಯವಾಗಿ ಸಾಮಾನ್ಯ ಬಳಕೆದಾರರದ್ದೇ ಆಗಿರಬೇಕು, ಅವರೇ ನಡೆಸುತ್ತಿರಬೇಕು. ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು. ಉದ್ದೇಶ, ಪದಾಧಿಕಾರಿಗಳು, ರಚನೆ ಇವು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು. ಸಿಬ್ಬಂದಿ ಪರಿಶೀಲಿಸುತ್ತಾರೆ, ಪ್ರದೇಶದ ನಾಯಕರ ಅಭಿಪ್ರಾಯ ಕೇಳುತ್ತಾರೆ, ಕೊನೆಗೆ ಅಲಾಕ್ ತೀರ್ಮಾನ ಮಾಡುತ್ತದೆ.

ಹೊಸ ಸಂಘ ಕಟ್ಟುವ ಉತ್ಸಾಹ ಬರುತ್ತದೆ. ತಡೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಸಂಘಗಳಿಗೆ ಬರವಿಲ್ಲ, ಕೋರಂ ಆಗುವ ಸಂಘಗಳಿಗೆ ಬರ. ಗ್ರಾಹಕರ ವೇದಿಕೆಯೋ, ಗ್ರಂಥಾಲಯದ ಬಳಗವೋ, ಕಾಲೇಜಿನ ಹಳೆ ವಿದ್ಯಾರ್ಥಿ ಸಂಘವೋ ಈಗಾಗಲೇ ನಡೆಯುತ್ತಿದ್ದರೆ ಅದರಲ್ಲೇ ಒಂದು ವಿಭಾಗ ಮಾಡಿ. ನಾವು ಮೊದಲು ಮಾಡಿದ ಹೊಸ ಸಂಘ ಆರು ತಿಂಗಳಲ್ಲಿ ಲೆಟರ್‌ಹೆಡ್ ಮಾತ್ರ ಉಳಿಸಿತು.

ಜೊತೆಗೆ ಐಕ್ಯಾನ್ ಲರ್ನ್‌ನ ಪುಕ್ಕಟೆ ಕೋರ್ಸುಗಳಲ್ಲಿ ಶುರುವಿನ ಒಂದೆರಡು ಮುಗಿಸಿ. ಅದಕ್ಕಿಂತ ಜಾಸ್ತಿ ಓದುತ್ತಾ ಕೂರಬೇಡಿ. ಸಂಕ್ಷೇಪಾಕ್ಷರಗಳ ಕಾಡು ಅದು, ಎಲ್ಲ ಕಲಿತು ಹೋಗುತ್ತೇನೆ ಅಂದರೆ ಹೋಗುವುದೇ ಇಲ್ಲ.

ಹೆಜ್ಜೆ 5: ಕರೆಗಳಲ್ಲಿ ಕೂರುವುದು

ಆಟ್-ಲಾರ್ಜ್‌ನ ನಿಜವಾದ ಕೆಲಸ ನಡೆಯುವುದು ವಾರದ ಕರೆಗಳಲ್ಲಿ, ಝೂಮ್‌ನಲ್ಲಿ. ನೀತಿಯ ಚರ್ಚೆಗೆ ಸಿಪಿಡಬ್ಲ್ಯುಜಿ ಅನ್ನುವ ಕಾರ್ಯಗುಂಪು ಇದೆ, ಸಾಮಾನ್ಯವಾಗಿ ಬುಧವಾರ ಸೇರುತ್ತದೆ. ಯಾರು ಬೇಕಾದರೂ ಕೂರಬಹುದು. ಎಲ್ಲ ಖಂಡದವರಿಗೂ ಹೊಂದಲಿ ಅಂತ ಹೊತ್ತು ಬದಲಿಸುತ್ತಾ ಇರುತ್ತಾರೆ. ಹೊತ್ತು ಹೇಳುವುದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಅದಕ್ಕೆ ಐದೂವರೆ ತಾಸು ಸೇರಿಸಿ. 14 ಗಂಟೆ ಅಂದರೆ ನಮಗೆ ಸಂಜೆ ಏಳೂವರೆ, ಊಟಕ್ಕೆ ಮೊದಲು. 19 ಗಂಟೆ ಅಂದರೆ ರಾತ್ರಿ ಹನ್ನೆರಡೂವರೆ, ಆಗ ಬುಧವಾರ ಹೋಗಿ ಗುರುವಾರ ಆಗಿರುತ್ತದೆ. ನಾನು ಒಮ್ಮೆ ಇದೇ ಲೆಕ್ಕ ತಪ್ಪಿ ಒಂದು ದಿನ ತಡವಾಗಿ, ನಡುರಾತ್ರಿ ಖಾಲಿ ಕರೆಯಲ್ಲಿ ಅರ್ಧ ಗಂಟೆ ಒಬ್ಬನೇ ಕೂತಿದ್ದೆ.

ಮಳೆಗಾಲಕ್ಕೆ ಎರಡು ಏರ್ಪಾಡು ಬೇಕು. ರೂಟರ್‌ಗೆ ಒಂದು ಸಣ್ಣ ಯುಪಿಎಸ್. ಆಮೇಲೆ ಬೇರೆ ಕಂಪನಿಯ ಸಿಮ್ ಇರುವ ಮೊಬೈಲು. ಎರಡೂ ಕೈಕೊಟ್ಟರೆ ತಲೆಕೆಡಿಸಿಕೊಳ್ಳಬೇಡಿ, ಕರೆಯ ಧ್ವನಿಮುದ್ರಣ ಮತ್ತು ಬರಹ ರೂಪ ಆಮೇಲೆ ಸಿಗುತ್ತದೆ.

ಮೊದಲ ನಾಲ್ಕೈದು ಕರೆ ಸುಮ್ಮನೆ ಕೇಳಿ. ಮಾತಾಡುವ ಮೊದಲು ಪ್ರತಿ ಸಲ ನಿಮ್ಮ ಹೆಸರು ಹೇಳಬೇಕು, ಬರೆದುಕೊಳ್ಳುವವರಿಗೆ ಮತ್ತು ಅನುವಾದಕರಿಗೆ ಅದು ಬೇಕು. ನಿಧಾನ ಮಾತಾಡಿ. ಇಂಗ್ಲಿಷ್ ಬಗ್ಗೆ ಅಂಜಿಕೆ ಬೇಡ. ಅಲ್ಲಿ ಜಪಾನಿನವರು, ಆಫ್ರಿಕಾದವರು, ಲ್ಯಾಟಿನ್ ಅಮೆರಿಕದವರು ತಮ್ಮ ತಮ್ಮ ಧಾಟಿಯ ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ, ನಮ್ಮದು ಅದರಲ್ಲಿ ಒಂದು. ನನಗಂತೂ ಮಾತಿಗಿಂತ ಚಾಟ್‌ನಲ್ಲಿ ಎರಡು ಸಾಲು ಬರೆಯುವುದು ಶುರುವಿಗೆ ಸಲೀಸಾಯಿತು.

ಹೆಜ್ಜೆ 6: ಸಾರ್ವಜನಿಕ ಅಭಿಪ್ರಾಯ ಬರೆಯುವುದು

ಐಕ್ಯಾನ್ ಯಾವ ಮುಖ್ಯ ಬದಲಾವಣೆ ತರುವ ಮೊದಲೂ ಕರಡು ಹೊರಗಿಟ್ಟು ಅಭಿಪ್ರಾಯ ಕೇಳುತ್ತದೆ. ಸಾಮಾನ್ಯವಾಗಿ 40 ದಿನ. ಯಾರು ಬೇಕಾದರೂ ಬರೆಯಬಹುದು. ಆಟ್-ಲಾರ್ಜ್ ಒಳಗೆ ಅಭಿಪ್ರಾಯ ಬರೆಯಲು ಒಬ್ಬಿಬ್ಬರು ಕೈ ಎತ್ತುತ್ತಾರೆ, ಅವರು ಬರೆದದ್ದನ್ನು ಎಲ್ಲರೂ ತಿದ್ದುತ್ತಾರೆ, ಕೊನೆಗೆ ಅಲಾಕ್ ಒಪ್ಪಿ ಕಳಿಸುತ್ತದೆ. ನೂರು ಪುಟದ ಕರಡು ನೋಡಿ ಹೆದರಬೇಡಿ. ಮೊದಲು ಸಾರಾಂಶ ಓದಿ, ಆಮೇಲೆ ನಿಮ್ಮ ಕೆಂಪು ಪುಸ್ತಕದಲ್ಲಿ ಇರುವುದು ಯಾವ ಅಧ್ಯಾಯಕ್ಕೆ ತಾಗುತ್ತದೆ ನೋಡಿ. ಅಷ್ಟನ್ನೇ ಓದಿ. ಉಳಿದದ್ದನ್ನು ವಕೀಲರು ಓದಿಕೊಳ್ಳುತ್ತಾರೆ.

ನಾನು ಮೊದಲು ಬರೆದದ್ದು ಹೀಗಿತ್ತು: "ಅಭಿವೃದ್ಧಿಶೀಲ ದೇಶಗಳ ಗ್ರಾಮೀಣ ಬಳಕೆದಾರರ ಹಿತಾಸಕ್ತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು." ಓದಿದವರು ತಲೆ ಆಡಿಸಿದರು, ಮುಂದೆ ಹೋದರು. ಯಾರು ಬೇಡ ಅಂತಾರೆ ಅದಕ್ಕೆ?

ಆಮೇಲೆ ಬರೆದದ್ದು ಹೀಗೆ: "ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮೊದಲು ರಿಜಿಸ್ಟ್ರಾರ್ ನೆನಪೋಲೆ ಕಳಿಸಬೇಕು, ಮುಗಿದ ಐದು ದಿನದೊಳಗೆ ಇನ್ನೊಂದು ಕಳಿಸಬೇಕು ಎಂದು ಈಗಿನ ನಿಯಮ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ನಾವು ಕಂಡ ಒಂದು ಪ್ರಕರಣದಲ್ಲಿ ಮೂರೂ ಪತ್ರ ಹೋಗಿದ್ದು ಸೈಟು ಮಾಡಿಕೊಟ್ಟವನ ಹಳೆಯ ಇಮೇಲ್‌ಗೆ. ಹೆಸರನ್ನು ನಂಬಿಕೊಂಡಿದ್ದ ಹೆಂಗಸರಿಗೆ ಒಂದೂ ಬರಲಿಲ್ಲ. ಅವರ ಹತ್ತಿರ ಇಮೇಲ್ ಇಲ್ಲ, ಫೋನ್ ಇದೆ. ನೋಂದಣಿಯ ಹೊತ್ತಿಗೆ ಎರಡನೇ ಸಂಪರ್ಕವಾಗಿ ಒಂದು ಫೋನ್ ನಂಬರ್ ಕೇಳಿ, ಅದಕ್ಕೂ ಮೆಸೇಜ್ ಕಳಿಸುವುದನ್ನು ಪರಿಶೀಲಿಸಿ."

ಈಗಿನ ನಿಯಮ ಏನು, ಅದು ಎಲ್ಲಿ ಸೋರುತ್ತದೆ, ಏನು ಮಾಡಬಹುದು. ಇಷ್ಟಿದ್ದರೆ ಎದುರಿನವರು ಉತ್ತರ ಕೊಡಲೇಬೇಕಾಗುತ್ತದೆ. ಒಬ್ಬ ರಿಜಿಸ್ಟ್ರಾರ್ ಪ್ರತಿನಿಧಿ "ಮೆಸೇಜ್ ಖರ್ಚು ಯಾರದು?" ಅಂತ ಕೇಳಿದರು. ಸಿಟ್ಟು ಬರಲಿಲ್ಲ, ಖುಷಿಯಾಯಿತು. ಖರ್ಚಿನ ಮಾತು ಬಂತು ಅಂದರೆ ವಿಷಯ ತಲೆಗೆ ಹೋಗಿದೆ ಅಂತ ಅರ್ಥ.

ಇದರಿಂದೆಲ್ಲ ಏನಾದರೂ ಆಗುತ್ತದಾ? ಒಂದು ಪ್ರಸಂಗ ಹೇಳುತ್ತೇನೆ. 2019ರ ನವೆಂಬರ್‌ನಲ್ಲಿ ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನು 113.5 ಕೋಟಿ ಡಾಲರ್‌ಗೆ ಒಂದು ಖಾಸಗಿ ಹೂಡಿಕೆ ಕಂಪನಿಗೆ ಮಾರುವ ಪ್ರಸ್ತಾಪ ಬಂತು. ಜಗತ್ತಿನ ಸೇವಾಸಂಸ್ಥೆಗಳೆಲ್ಲ ಇರುವ ಬಾಲ ಅದು. ಜನ ಎದ್ದರು, ಪತ್ರಗಳು ಬಂದವು, ಅಲಾಕ್ ಕೂಡ ಮಂಡಳಿಗೆ ಸಲಹೆ ಬರೆಯಿತು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕೂಡ ಬರೆದರು. 2020ರ ಏಪ್ರಿಲ್ 30ರಂದು ಐಕ್ಯಾನ್ ಒಪ್ಪಿಗೆ ಕೊಡಲಿಲ್ಲ. ಅಲಾಕ್ ಒಂದರಿಂದಲೇ ಆಯಿತು ಅಂದರೆ ಅದು ಬಡಾಯಿ. ಆದರೆ ಬಳಕೆದಾರರ ಕಡೆಯಿಂದ ಒಂದು ಕಾಗದ ದಾಖಲೆಯಲ್ಲಿತ್ತು.

ಹೆಜ್ಜೆ 7: ಕನ್ನಡದ ಮಾತು ನೀವೇ ಎತ್ತಬೇಕು

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಇಂಗ್ಲೆಂಡಿನವರು, ಜರ್ಮನಿಯವರು ನಮ್ಮ ಪರ ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾತಾಡಿದರೂ ಕನ್ನಡ ಲಿಪಿಯ ಸೂಕ್ಷ್ಮ ಅವರಿಗೆ ಕಾಣುವುದಿಲ್ಲ.

ಕನ್ನಡ ಲಿಪಿಯಲ್ಲೇ ಬರೆದ ಡಾಟ್ ಭಾರತ ಈಗಾಗಲೇ ರೂಟ್‌ನಲ್ಲಿ, ಅಂದರೆ ಎಲ್ಲ ಬಾಲಗಳ ಮೂಲ ಪಟ್ಟಿಯಲ್ಲಿ, ಇದೆ. ಮೇಲಿನ ಹಂತದ ಹೆಸರುಗಳಲ್ಲಿ ಯಾವ ಅಕ್ಷರ ಬರಬಹುದು, ಯಾವುದು ಬಾರದು ಅನ್ನುವ ನಿಯಮವನ್ನು ನಿಯೋ-ಬ್ರಾಹ್ಮಿ ಎಂಬ ತಂಡ ಬರೆಯಿತು. ಕನ್ನಡ, ತೆಲುಗು, ದೇವನಾಗರಿ, ಬಂಗಾಳಿ, ತಮಿಳು ಸೇರಿ ಒಂಬತ್ತು ಲಿಪಿಗಳ ಕೆಲಸ ಅದು. ಕನ್ನಡದ ಮಟ್ಟಿಗೆ ದೊಡ್ಡ ತಲೆನೋವು ತೆಲುಗು. ರ, ಲ, ಜ, ಬ ಇವನ್ನು ಮೊಬೈಲಿನ ಸಣ್ಣ ಪರದೆಯಲ್ಲಿ ನೋಡಿ, ಯಾವ ಲಿಪಿ ಅಂತ ನಮಗೇ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಅವು ಬೇರೆ ಬೇರೆ ಸಂಖ್ಯೆ. ಇಂಥ ಅಕ್ಷರಗಳಷ್ಟೇ ಇರುವ ಹೆಸರು ಒಂದು ಲಿಪಿಯಲ್ಲಿ ಒಬ್ಬರಿಗೆ ಹೋದರೆ ಇನ್ನೊಂದು ಲಿಪಿಯಲ್ಲಿ ಅದನ್ನು ಬೇರೆಯವರಿಗೆ ಕೊಡದಂತೆ ತಡೆಯುತ್ತಾರೆ. ಮೋಸಗಾರನಿಗೆ ಒಂದು ಬಾಗಿಲು ಮುಚ್ಚಿದ ಹಾಗೆ.

ಇನ್ನೊಂದು ಸೂಕ್ಷ್ಮ ನೋಡಿ. ‘ರ‍್ಯಾಂಕ್’ ಅಂತ ರ ಪೂರ್ತಿ ಇಟ್ಟು ಕೆಳಗೆ ಯ ಒತ್ತು ಕೊಡಬೇಕಾದರೆ ಕೀಲಿಮಣೆಯಲ್ಲಿ ನಡುವೆ ಒಂದು ಕಾಣದ ಜೋಡಕ ಬೀಳುತ್ತದೆ. ಅದಿಲ್ಲದಿದ್ದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ರೂಟ್ ಹಂತದಲ್ಲಿ ಆ ಕಾಣದ ಜೋಡಕಕ್ಕೆ ಅನುಮತಿ ಇಲ್ಲ. ಕಣ್ಣಿಗೆ ಕಾಣದ್ದು ಹೆಸರಲ್ಲಿ ಇದ್ದರೆ ಮೋಸಕ್ಕೆ ದಾರಿ ಅನ್ನುವ ಕಾರಣ ಸರಿಯಾಗಿಯೇ ಇದೆ. ಆದರೆ ಅದರ ಬೆಲೆ ಏನು ಅಂತ ಹೇಳಲಿಕ್ಕೆ ಕನ್ನಡ ಟೈಪ್ ಮಾಡುವವರೇ ಬೇಕು ಅಲ್ವಾ?

ಹೆಸರು ಸಿಕ್ಕಿದರೆ ಮುಗಿಯಲಿಲ್ಲ. ಕನ್ನಡದ ಇಮೇಲ್ ವಿಳಾಸ ಹಾಕಿ ಒಂದು ಅರ್ಜಿ ತುಂಬಲು ನೋಡಿ. "ಸರಿಯಾದ ಇಮೇಲ್ ನಮೂದಿಸಿ" ಅಂತ ಕೆಂಪಕ್ಷರ ಬರುತ್ತದೆ. ವಿಳಾಸ ಸರಿಯೇ ಇದೆ, ಫಾರ್ಮ್ ಮಾಡಿದವನು ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತದೆ ಅಂದುಕೊಂಡಿದ್ದಾನೆ. ಇದನ್ನು ಸರಿಪಡಿಸುವ ಪ್ರಯತ್ನಕ್ಕೆ ಯುನಿವರ್ಸಲ್ ಆಕ್ಸೆಪ್ಟೆನ್ಸ್ ಅನ್ನುತ್ತಾರೆ. 2023ರಿಂದ ಮಾರ್ಚ್ 28ಕ್ಕೆ ಅದರ ದಿನಾಚರಣೆಯೂ ಇದೆ. ನಿಮ್ಮೂರಿನ ಕಾಲೇಜಿನಲ್ಲಿ ಅವತ್ತು ಭಾಷಣ ಇಡಬೇಡಿ. ಹತ್ತು ಹುಡುಗರನ್ನು ಕೂರಿಸಿ, ದಿನಾ ಬಳಸುವ ಇಪ್ಪತ್ತು ಫಾರ್ಮುಗಳಲ್ಲಿ ಕನ್ನಡ ವಿಳಾಸ ಹಾಕಿಸಿ, ಯಾವುದು ತಿಂದಿತು, ಯಾವುದು ಉಗುಳಿತು ಅಂತ ಪಟ್ಟಿ ಮಾಡಿ. ಆ ಪಟ್ಟಿಯನ್ನು ಫಾರ್ಮಿನವರಿಗೂ ಕಳಿಸಿ, ಏಪ್ರಾಲೊಗೂ ಕಳಿಸಿ.

ಹೊಸ ಬಾಲಗಳ ಮಾತೂ ಇಲ್ಲೇ. 2012ರ ಸುತ್ತಿನಲ್ಲಿ ಅರ್ಜಿ ಶುಲ್ಕವೇ 1,85,000 ಡಾಲರ್, ಬಂದ ಅರ್ಜಿಗಳು 1,930. 2026ರ ಸುತ್ತಿಗೆ 2,27,000 ಡಾಲರ್ ಗೊತ್ತುಮಾಡಿದರು, ಬಡ ಸಂಸ್ಥೆಗಳಿಗೆ ರಿಯಾಯಿತಿ ಯೋಜನೆಯನ್ನೂ ಇಟ್ಟರು. ನಮ್ಮಂಥವರು ಅರ್ಜಿ ಹಾಕುವ ಮಾತಿಲ್ಲ. ಆದರೆ ಯಾರೋ ನಮ್ಮೂರಿನ, ನಮ್ಮ ಸಮುದಾಯದ ಹೆಸರನ್ನೇ ಬಾಲವಾಗಿ ಕೇಳಿದರೆ ಆಕ್ಷೇಪಣೆಗೆ ದಾರಿ ಇರುತ್ತದೆ. ಪಟ್ಟಿ ಹೊರಬಿದ್ದಾಗ ಒಮ್ಮೆ ಕಣ್ಣಾಡಿಸಿ.

ಹೆಜ್ಜೆ 8: ಪ್ರಯಾಣ, ಬೇಕಾದರೆ ಮಾತ್ರ

ಐಕ್ಯಾನ್ ವರ್ಷಕ್ಕೆ ಮೂರು ಸಭೆ ನಡೆಸುತ್ತದೆ, ಬೇರೆ ಬೇರೆ ದೇಶದಲ್ಲಿ. 2008ರಲ್ಲಿ ದೆಹಲಿಗೆ, 2016ರ ನವೆಂಬರ್‌ನಲ್ಲಿ ಹೈದರಾಬಾದಿಗೆ ಬಂದಿತ್ತು. ಪ್ರವೇಶ ಶುಲ್ಕ ಇಲ್ಲ, ಮನೆಯಿಂದಲೂ ನೋಡಬಹುದು. ಹೋಗಲೇಬೇಕು ಅನ್ನುವವರಿಗೆ ಫೆಲೋಶಿಪ್ ಇದೆ, ಆಯ್ಕೆಯಾದರೆ ವಿಮಾನ, ವಸತಿಯ ಖರ್ಚು ಅವರೇ ನೋಡಿಕೊಳ್ಳುತ್ತಾರೆ. 18ರಿಂದ 30 ವರ್ಷದ ವಿದ್ಯಾರ್ಥಿಗಳಿಗೆ ನೆಕ್ಸ್ಟ್‌ಜೆನ್ ಅನ್ನುವ ಬೇರೆ ಯೋಜನೆ. ಅರ್ಜಿಯಲ್ಲಿ ಕನಸು ಬರೆಯಬೇಡಿ, ಮಾಡಿದ ಕೆಲಸ ಬರೆಯಿರಿ.

ವಿಮಾನ ಹತ್ತುವುದೇ ಪ್ರಾತಿನಿಧ್ಯ ಅಂದುಕೊಂಡವರನ್ನೂ ನೋಡಿದ್ದೇನೆ. ಕೊರಳಲ್ಲಿ ಬ್ಯಾಡ್ಜ್ ಹಾಕಿದ ಫೋಟೋ ಬರುತ್ತದೆ, ವಾಪಸ್ ಬಂದ ಮೇಲೆ ಊರಲ್ಲಿ ಒಂದು ಮಾತಿಲ್ಲ.

ಹೆಜ್ಜೆ 9: ಊರಿಗೆ ಲೆಕ್ಕ ಒಪ್ಪಿಸಿ

ನಾನು ಅಂಗಡಿಯ ಹೊರಗೆ ಒಂದು ಕಪ್ಪು ಹಲಗೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಎರಡು ಮೂರು ಸಾಲು ಬರೆಯುತ್ತೇನೆ. ಏನು ಕೇಳಿದ್ದೆವು, ಅವರು ಏನಂದರು, ಏನು ಆಗಲಿಲ್ಲ. ಆಗದಿದ್ದದ್ದನ್ನು ಬರೆಯುವುದು ಬಿಡಬೇಡಿ, ಜನ ನಂಬುವುದು ಅದನ್ನು ನೋಡಿಯೇ. ನಿಮ್ಮ ಸ್ವಂತ ಅಭಿಪ್ರಾಯ ಹೇಳಿ ಬಂದಿದ್ದರೆ ಅದು ನನ್ನದು ಅಂತಲೇ ಬರೆಯಿರಿ. ಕರೆಯಲ್ಲೂ ಹಾಗೇ, "ಇದು ನಮ್ಮ ಬಳಗದ ಮಾತು", "ಇದು ನನ್ನ ಮಾತು" ಅಂತ ಬೇರೆ ಮಾಡಿ ಹೇಳಿ.

ಕಳೆದ ತಿಂಗಳು ಬರೆದದ್ದು: "ನವೀಕರಣದ ನೆನಪು ಫೋನಿಗೂ ಬರಲಿ ಎಂದಿದ್ದೆವು. ಖರ್ಚಿನ ನೆಪದಲ್ಲಿ ನಿಂತಿದೆ. ಇನ್ನೂ ಮೂರು ಇಂಥ ಪ್ರಕರಣ ಬೇಕು, ನಿಮ್ಮಲ್ಲಿದ್ದರೆ ಹೇಳಿ." ಮರುದಿನ ಹೊನ್ನಾವರದ ಕಡೆಯ ಯಕ್ಷಗಾನ ಮೇಳದವರೊಬ್ಬರು ಹಲಗೆ ಓದಿ ಒಳಗೆ ಬಂದರು. ಕೈಯಲ್ಲಿ ಹೋದ ವರ್ಷದ ತಿರುಗಾಟದ ಕರಪತ್ರ. ಕೆಳಗಿನ ವೆಬ್‌ಸೈಟ್ ವಿಳಾಸದ ಮೇಲೆ ಬಿಳಿ ಕಾಗದದ ಚೂರು ಅಂಟಿಸಿತ್ತು.